ಜೇಬಿನಲ್ಲಿ ಉಳಿದ ಒಂಬತ್ತು ಟೋಕನ್

ಇದನ್ನು ಬರೆಯಬೇಕೆಂದು ಮೂರು ವರ್ಷದಿಂದ ಅಂದುಕೊಳ್ಳುತ್ತಲೇ ಮುಂದೂಡಿದ್ದೇನೆ. ಈಗ ನನಗೆ ಎಪ್ಪತ್ತೆರಡು. ಮುಂದೂಡುವುದಕ್ಕೂ ಸುಸ್ತಾಗುತ್ತದೆ.

ಆ ಭಾನುವಾರ ಗಿರಿನಗರದ ನಮ್ಮ ಬಡಾವಣೆಯ ಸಂಘದವರು ಪಾರ್ಕಿನಲ್ಲಿ ಉಚಿತ ಆರೋಗ್ಯ ತಪಾಸಣೆ ಇಟ್ಟಿದ್ದರು. ಟೋಕನ್ ಕೊಡುವ ಕೆಲಸ ನನ್ನದು. ತಿಂಡಿ ಮುಗಿಸಿ ನಿಧಾನವಾಗಿ ಬರುವ ಪರಿಚಯದವರು ಹಿಂದಿನ ದಿನವೇ ಫೋನ್ ಮಾಡಿ ಹೇಳಿದ್ದರು. ಅವರಿಗೆಂದು ಒಂದಷ್ಟು ಟೋಕನ್ ಜೇಬಿನಲ್ಲಿ ಎತ್ತಿಟ್ಟುಕೊಂಡಿದ್ದೆ. ನಮ್ಮಲ್ಲಿ ಇದು ರೂಢಿ. ತಪ್ಪು ಅಂತ ಯಾರಿಗೂ ಅನ್ನಿಸುವುದಿಲ್ಲ.

ಒಂಬತ್ತರ ಹೊತ್ತಿಗೆ ನಮ್ಮ ಬೀದಿ ಗುಡಿಸುವ ಹೆಂಗಸು ಪೊರಕೆಯನ್ನು ಗೇಟಿಗೆ ಒರಗಿಸಿ ಬಂದರು. ಎಡಗಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ತಿಂಗಳಾದರೂ ಗಾಯ ಒಣಗಿಲ್ಲ, ಸಕ್ಕರೆ ಕಾಯಿಲೆಯೇನೋ ನೋಡಿಸಬೇಕು ಎಂದರು. ಇದು ಬಡಾವಣೆಯವರಿಗೆ ಮಾತ್ರ, ನಿನಗೆ ಸರ್ಕಾರಿ ಆಸ್ಪತ್ರೆ ಇದೆಯಲ್ಲ ಎಂದೆ. ಅಲ್ಲಿ ಸಾಲಿನಲ್ಲೇ ಅರ್ಧ ದಿನ ಹೋಗುತ್ತದೆ, ಹಾಜರಿ ತಪ್ಪಿದರೆ ಮೇಸ್ತ್ರಿ ಬಿಡುವುದಿಲ್ಲ ಎಂದರು. ಆಮೇಲೆ ಮೆಲ್ಲಗೆ ಕೇಳಿದರು.

"ಹನ್ನೊಂದು ವರ್ಷದಿಂದ ಇಲ್ಲೇ ಗುಡಿಸ್ತಿದೀನಿ ಸಾರ್. ನಾನು ಬಡಾವಣೆಯವಳಲ್ವಾ?"

"ಟೋಕನ್ ಮುಗೀತು, ಹೋಗಮ್ಮ," ಎಂದುಬಿಟ್ಟೆ.

ಮಧ್ಯಾಹ್ನ ಒಂದರ ಹೊತ್ತಿಗೆ ಜನ ಕರಗಿದರು. ಕಾಫಿ ಕುಡಿದ ಪೇಪರ್ ಲೋಟಗಳು ಹುಲ್ಲಿನ ಮೇಲೆಲ್ಲ ಬಿದ್ದಿದ್ದವು. ಗುಡಿಸುವುದಕ್ಕೆ ಸಂಘದವರು ಆಕೆಯನ್ನೇ ಕರೆಸಿದ್ದರು. ಡಾಕ್ಟರು ಕೈ ಒರೆಸಿಕೊಳ್ಳುತ್ತಾ, "ಇನ್ನೂ ಟೈಮಿದೆ, ಯಾರಾದ್ರೂ ಇದಾರಾ?" ಎಂದು ಕೇಳಿದರು. ನನ್ನ ಜೇಬಿನಲ್ಲಿ ಒಂಬತ್ತು ಟೋಕನ್ ಉಳಿದಿದ್ದವು. ಫೋನ್ ಮಾಡಿದವರು ಬಂದೇ ಇರಲಿಲ್ಲ. ಅಲ್ಲೇ ಬಗ್ಗಿ ಗುಡಿಸುತ್ತಿದ್ದ ಆಕೆ ತಲೆ ಎತ್ತಿ ನನ್ನನ್ನು ನೋಡಿದರು. ಕರೆದರೆ ಬೆಳಿಗ್ಗೆಯ ಸುಳ್ಳು ಬಯಲಾಗುತ್ತದೆ.

"ಯಾರೂ ಇಲ್ಲ ಸಾರ್," ಎಂದೆ.

ಆಕೆ ಮತ್ತೆ ಬಗ್ಗಿ ಲೋಟಗಳನ್ನು ಗುಡ್ಡೆ ಮಾಡಿದರು.

ನಾಲ್ಕು ತಿಂಗಳ ಬಳಿಕ ಬೀದಿ ಗುಡಿಸಲು ಬೇರೆಯವರು ಬಂದರು. ವಿಚಾರಿಸಿದೆ. ಗಾಯ ಕೊಳೆತು ಪಾದವನ್ನೇ ತೆಗೆದರಂತೆ, ಶ್ರೀನಗರದಲ್ಲಿ ಮಗಳ ಮನೆಯಲ್ಲಿದ್ದಾರಂತೆ. ಅವರ ಹೆಸರೇನು ಎಂದು ಕೇಳಿದೆ. "ಇಷ್ಟು ವರ್ಷ ಗೊತ್ತಿರ್ಲಿಲ್ವಾ ಅಂಕಲ್?" ಎಂದು ನಕ್ಕು ಹೊಸಬರು ಹೆಸರು ಹೇಳಿದರು.

ಟೋಕನ್ ಕೊಡುವುದು ನಾನು ಮಾಡುವ ಉಪಕಾರ ಅಂದುಕೊಂಡಿದ್ದೆ. ಆಕೆ ಕೇಳಿದ್ದು ತಮಗೆ ಸೇರಬೇಕಾದದ್ದನ್ನೇ ಎಂದು ತಿಳಿಯುವಷ್ಟರಲ್ಲಿ ಒಂದು ಪಾದ ಹೋಗಿತ್ತು. ಶ್ರೀನಗರ ಇಲ್ಲಿಂದ ನಡೆದೇ ಹೋಗುವಷ್ಟು ಹತ್ತಿರ. ಎರಡು ಸಲ ಆ ಬೀದಿಯ ತಿರುವಿನವರೆಗೆ ಹೋಗಿ ವಾಪಸ್ಸು ಬಂದಿದ್ದೇನೆ.

ಅವರ ಹೆಸರು ವೆಂಕಟಲಕ್ಷ್ಮಮ್ಮ.