ಹಳೆಯ ಎಸ್‌ಎಂಪಿಎಸ್, ಹೊಸ ಕಾರ್ಡ್, ನಡುವೆ ಒಂದು ಗುಡುಗು

ಕಳೆದ ಭಾನುವಾರ ನಮ್ಮ ಊಟದ ಟೇಬಲ್ ಮೇಲೆ ಕಂಪ್ಯೂಟರ್ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ನಾನು ಟಾರ್ಚ್ ಹಿಡಿದಿದ್ದೆ. ಹೆಂಡತಿ ಸುಮಿತ್ರಾ ಒಳಗೆ ತಲೆ ತೂರಿಸಿ ಧೂಳು ಒರೆಸುತ್ತಿದ್ದಳು.

"ಟಾರ್ಚ್ ನೆಟ್ಟಗೆ ಹಿಡೀರಿ, ಏನೂ ಕಾಣಲ್ಲ" ಅಂದಳು.

ನೆಟ್ಟಗೆ ಹಿಡಿದೆ.

ಸುಮಿತ್ರಾ ಕುಶಾಲನಗರದ ನಮ್ಮ ಮನೆಯಲ್ಲೇ ಕೂತು ಮದುವೆ ವಿಡಿಯೋ ಎಡಿಟ್ ಮಾಡುತ್ತಾಳೆ. (ಕ್ಯಾಟರಿಂಗ್‌ನವರ ಜಗಳ ಎಲ್ಲಿ ಕತ್ತರಿಸಬೇಕು ಅನ್ನುವುದರಲ್ಲಿ ಎತ್ತಿದ ಕೈ.) ಈಗಿನ ಕ್ಯಾಮೆರಾಗಳ ವಿಡಿಯೋ ಹಾಕಿದರೆ ನಮ್ಮ ಹಳೆಯ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಅದಕ್ಕೇ ಮೈಸೂರಿನಿಂದ ಗ್ರಾಫಿಕ್ಸ್ ಕಾರ್ಡ್ ತರಿಸಿದ್ದಳು. ಕನಿಷ್ಠ 550 ವ್ಯಾಟಿನ ಪವರ್ ಸಪ್ಲೈ ಬೇಕು ಎಂದು ಕಾರ್ಡಿನ ಡಬ್ಬದ ಮೇಲಿತ್ತು. ಕಂಪ್ಯೂಟರಿನೊಳಗೆ ಎಲ್ಲದಕ್ಕೂ ಕರೆಂಟ್ ಹಂಚುವ ಎಸ್‌ಎಂಪಿಎಸ್ ಪೆಟ್ಟಿಗೆಯ ಮೇಲೆ 450 ಅಂತಿತ್ತು. ಅದೂ ಹಳೆಯ ಕಾಲದ 450.

"ದೊಡ್ಡ ಸ್ಟೆಬಿಲೈಸರ್ ಹಾಕಿದ್ರೆ?" ಅಂದೆ. (ನಮ್ಮ ಕಡೆ ಕರೆಂಟಿನ ಯಾವ ಕಾಯಿಲೆಗೂ ಸ್ಟೆಬಿಲೈಸರೇ ಮದ್ದು.)

"ಅದು ಗೋಡೆಯಿಂದ ಬರೋ ಕರೆಂಟಿಗೆ ಕಣ್ರೀ. ಒಳಗಿನ ಡಬ್ಬಿಗೇ ತಾಕತ್ತಿಲ್ಲ ಅಂದ್ರೆ ಅದೇನ್ ಮಾಡುತ್ತೆ? ಕಾರ್ಡಿಗೆ ಹಾಕೋ ಪಿನ್ನೂ ಇಲ್ಲ ಇದ್ರಲ್ಲಿ."

"ಅಕಸ್ಮಾತ್ ಸುಟ್ಟುಹೋದ್ರೆ?"

"ಡಬ್ಬಿ ಮಾತ್ರ ಹೋದ್ರೆ ಪುಣ್ಯ. ಒಂದೊಂದ್ಸಲ ಹಾರ್ಡ್ ಡಿಸ್ಕನ್ನೂ ಜೊತೆಗೆ ಕರ್ಕೊಂಡು ಹೋಗುತ್ತೆ."

ಆ ಡಿಸ್ಕಿನಲ್ಲಿ ಕೊಡ್ಲಿಪೇಟೆಯ ಒಂದು ಮದುವೆ ಇತ್ತು. ಮಗಳನ್ನು ಧಾರೆ ಎರೆದುಕೊಟ್ಟ ಅಪ್ಪ ತಿಂಗಳೊಳಗೆ ತೀರಿಕೊಂಡಿದ್ದರು. ಕ್ಯಾಮೆರಾದವರು ಮೆಮೊರಿ ಕಾರ್ಡ್ ಅಳಿಸಿ ಮುಂದಿನ ಮದುವೆಗೆ ಹೋಗಿಯಾಗಿತ್ತು. ಆ ವಿಡಿಯೋ ಉಳಿದದ್ದು ನಮ್ಮ ಊಟದ ಟೇಬಲ್ ಮೇಲೆ ಮಾತ್ರ. ಹಿಂದಿನ ದಿನವಷ್ಟೇ ಹುಡುಗಿಯ ತಾಯಿ ಫೋನ್ ಮಾಡಿದ್ದರು.

"ಅರ್ಜೆಂಟೇನಿಲ್ಲ ಸುಮಿತ್ರಕ್ಕ. ಅವರ ದನಿ ಒಂದ್ಸಲ ಕೇಳ್ಬೇಕು ಅನ್ನಿಸ್ತು, ಅಷ್ಟೇ."

ಸುಮಿತ್ರಾ ಕಾರ್ಡನ್ನು ವಾಪಸ್ ಡಬ್ಬಕ್ಕೆ ಹಾಕಿದಳು. "ಹೊಸ ಎಸ್‌ಎಂಪಿಎಸ್ ಬರೋವರೆಗೂ ಇದನ್ನ ಮುಟ್ಟಲ್ಲ. ಮೊದ್ಲು ಆ ಮದುವೆನ ಇನ್ನೊಂದು ಡಿಸ್ಕಿಗೆ ಕಾಪಿ ಮಾಡ್ತೀನಿ."

ಕಾಪಿ ಶುರುವಾಯಿತು. ಮೋಡ ಕವಿದದ್ದು ನೋಡಿ ಅವಳು ಬಟ್ಟೆ ತರಲು ತಾರಸಿಗೆ ಹೋದಳು. "ಏನೂ ಮುಟ್ಟದೆ ನೋಡ್ತಾ ಇರಿ, ಮಧ್ಯೆ ಆಫ್ ಆದ್ರೆ ಡಿಸ್ಕೇ ಕೆಡಬಹುದು" ಎಂದು ನನ್ನನ್ನು ಕೂರಿಸಿದಳು.

ನೋಡುತ್ತಾ ಕೂತೆ. ಫ್ಯಾನಿನ ಸದ್ದು ಜಾಸ್ತಿಯಾಯಿತಾ? ಸುಟ್ಟ ವಾಸನೆಯಾ? (ಪಕ್ಕದ ಮನೆಯ ಒಗ್ಗರಣೆ.) ಕಾಪಿ ಅರ್ಧ ದಾಟಿತು.

ಆಗ ಹಾರಂಗಿ ಡ್ಯಾಮ್ ಕಡೆಯಿಂದ ಜೋರಾಗಿ ಗುಡುಗಿತು.

ಗುಡುಗಿದರೆ ನಮ್ಮೂರಲ್ಲಿ ಯಾರೂ ಯೋಚಿಸುತ್ತಾ ಕೂರುವುದಿಲ್ಲ. ಟಿವಿ, ಫ್ರಿಜ್, ವೈಫೈ, ಎಲ್ಲದರ ಪ್ಲಗ್ ಕೀಳುತ್ತೇವೆ. ಚಿಕ್ಕಂದಿನಿಂದ ಬಂದ ಅಭ್ಯಾಸ. ನನ್ನ ಕೈಯೂ ಯೋಚಿಸಲಿಲ್ಲ.

ಸ್ಕ್ರೀನ್ ಕಪ್ಪಾಯಿತು.

ಹೆಗಲ ತುಂಬ ಬಟ್ಟೆ ಹೊತ್ತು ಬಂದ ಸುಮಿತ್ರಾ ನನ್ನ ಕೈಯಲ್ಲಿದ್ದ ಪ್ಲಗ್ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಧೈರ್ಯ ಬರುತ್ತಿತ್ತು. ಬಟ್ಟೆಯನ್ನು ಕುರ್ಚಿ ಮೇಲೆ ಹಾಕಿ, ಗುಡುಗು ದೂರ ಹೋಗುವವರೆಗೆ ಕಾದಳು. ಆ ತಾಯಿಗೆ ಏನೆಂದು ಹೇಳುವುದು? ಗುಡುಗಿತು ಅನ್ನುವುದಾ?

"ಹಾಕಿ ಈಗ" ಅಂದಳು.

ಹಾಕಿದೆ. ಫ್ಯಾನ್ ತಿರುಗಿತು. ಸ್ಕ್ರೀನ್ ಬೆಳಗಲು ತೆಗೆದುಕೊಂಡ ಹೊತ್ತು ನನಗೆ ಈ ಜನ್ಮಕ್ಕೆ ಸಾಕು. ಸುಮಿತ್ರಾ ಧಾರೆಯ ಭಾಗವನ್ನೇ ಹುಡುಕಿ ತೆರೆದಳು. ಬಿಳಿ ಪಂಚೆಯ ಮನುಷ್ಯ ಮಗಳ ಕೈ ಮೇಲೆ ನೀರು ಬಿಡುತ್ತಾ ಪುರೋಹಿತರನ್ನು ಕೇಳುತ್ತಿದ್ದರು: "ಜಾಸ್ತಿ ಆಯ್ತಾ ಸ್ವಾಮಿ?"

ಸುಮಿತ್ರಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮತ್ತೆ ಮೊದಲಿನಿಂದ ಕಾಪಿ ಹಾಕಿ, ಈ ಸಲ ತಾನೇ ಕೂತಳು. ನನಗೆ ಬಟ್ಟೆ ಮಡಿಸುವ ಕೆಲಸ ಸಿಕ್ಕಿತು.

ಆ ಎಸ್‌ಎಂಪಿಎಸ್ ಸಾಲುತ್ತದಾ ಎಂದು ಅಷ್ಟೆಲ್ಲಾ ಚೆಕ್ ಮಾಡಿದೆವು ಸರಿ, ಪ್ಲಗ್ ಪಕ್ಕ ನನ್ನನ್ನು ಕೂರಿಸಬಹುದಾ ಎಂದು ಯಾರಾದರೂ ಚೆಕ್ ಮಾಡಿದ್ದರಾ?