ಬಾಳೆಹಣ್ಣಿನ ಒಮ್ಮತ

'ಸರ್ವಧರ್ಮ ಜನಹಿತ ವೇದಿಕೆ' ಎಂಬ ಬೋರ್ಡು ನೋಡಿ, ಅದು ಪ್ರಾರ್ಥನೆ ಹಾಡುವವರ ಸಂಸ್ಥೆ ಎಂದೇ ತಿಳಿದಿದ್ದೆ. ಕೆಲಸಕ್ಕೆ ಸಂದರ್ಶನವಿದೆ ಎಂದು ಕರೆ ಬಂದ ಮೇಲೆ ಮೂರು ಧರ್ಮದ ಪ್ರಾರ್ಥನೆಗಳನ್ನು ಮೊಬೈಲಿನಲ್ಲಿ ಕೇಳಿ ಕೇಳಿ ಬಾಯಿಪಾಠ ಮಾಡಿದೆ. ಅವರ ಆಫೀಸು ಜಮಖಂಡಿ ಬಜಾರಿನಲ್ಲಿ, ಬಟ್ಟೆ ಅಂಗಡಿಯೊಂದರ ಮೇಲೆ. "ನಿಮ್ಮ ಬಗ್ಗೆ ಒಂದಿಷ್ಟು ಹೇಳ್ರಿ" ಎಂದರು. ನಾನು ಕಣ್ಣು ಮುಚ್ಚಿ, ಕೈ ಮುಗಿದು, ರಾಗ ತೆಗೆದೇಬಿಟ್ಟೆ. ಒಂದು ಮುಗಿಸಿ ಎರಡನೆಯದಕ್ಕೆ ಉಸಿರೆಳೆಯುವಷ್ಟರಲ್ಲಿ ಮೂಲೆಯಿಂದ ಹೆಂಗಸಿನ ದನಿಯೊಂದು ಸಿಡಿಯಿತು.

"ಏ ತಮ್ಮಾ, ಸಾಕ್ ಮಾಡು. ಗಾಡಿ ಹೊಡ್ಯಾಕ ಬರತೈತೇನ? ಲೈಸೆನ್ಸ್ ಐತಿ?"

ಇತ್ತು. ನನ್ನ ಬಿ.ಕಾಂ. ಪದವಿ ಮಾಡದ ಕೆಲಸವನ್ನು ಅದು ಮಾಡಿತು. ಕಾಗದದಲ್ಲಿ ನಾನು ಕಂಪ್ಯೂಟರ್ ಆಪರೇಟರ್. ನಿಜದಲ್ಲಿ ಆ ದನಿಯ ಒಡತಿಯನ್ನು ವೇದಿಕೆಯ ಮೋಟರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಮುಧೋಳ, ಬೀಳಗಿ, ರಬಕವಿ ಸುತ್ತುವವನು. ಆಕೆ ಇಂದ್ರವ್ವ. ನಾನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತೇನೆ.

ಇಂದ್ರವ್ವ ಬನಹಟ್ಟಿಯವಳು. ಸಾಲಿ ಬಿಟ್ಟ ವಯಸ್ಸಿನಿಂದ ಪವರ್‌ಲೂಮ್ ಶೆಡ್ಡಿನಲ್ಲಿ ಕಂಡಕಿಗೆ ನೂಲು ಸುತ್ತಿದವಳು. ಮಗ್ಗಗಳ ಖಟಖಟದಲ್ಲಿ ಬೆಳೆದವರಿಗೆ ಮೆಲ್ಲಗೆ ಮಾತಾಡುವುದು ಬರುವುದಿಲ್ಲ. ತಹಶೀಲ್ದಾರರ ಎದುರು ಕೂತು "ನಮಸ್ಕಾರ್ರಿ" ಎಂದರೂ ಹೊರಗಿನ ಜವಾನ ಜಗಳವೆಂದು ಒಳಗೆ ಓಡಿಬರುತ್ತಾನೆ. ವೇದಿಕೆಗೆ ಆಕೆ ಬಂದದ್ದೂ ಬೈದೇ. ವೇದಿಕೆಯ ಸ್ವಾಮಿಗಳು, ಮೌಲಾನಾ, ಫಾದರ್ ಮೂವರೂ ಒಮ್ಮೆ ಅವಳ ಓಣಿಗೆ ಬಂದು ಸೌಹಾರ್ದದ ಮೇಲೆ ಭಾಷಣ ಮಾಡಿದರಂತೆ. ಇಂದ್ರವ್ವ ಎದ್ದು, "ನಮ್ಮೊಳಗ ಜಗಳಿಲ್ರಿ. ನಳದಾಗ ನೀರಿಲ್ಲ. ಅದು ಯಾವ ದೇವರ ಖಾತೆ, ಹೇಳ್ರಿ" ಎಂದಳಂತೆ. ಕಾರ್ಯದರ್ಶಿ ರಘುವೀರ ಸರ್, ನಿವೃತ್ತ ಪ್ರಾಧ್ಯಾಪಕರು, ಮರುದಿನವೇ ಅವಳನ್ನು ಕೆಲಸಕ್ಕೆ ಕರೆದರು. ಅಂದಿನಿಂದ ನೀರು, ರೇಷನ್, ಸ್ಮಶಾನದ ದಾರಿ, ಏನೇ ಇರಲಿ, ಸರ್ಕಾರದ ಬಾಗಿಲು ಬಡಿಯುವುದು ವೇದಿಕೆ. ಬಡಿಯುವ ಕೈ ಇಂದ್ರವ್ವನದು.

ಮೊನ್ನೆಯ ಜೂನಿನಲ್ಲಿ ಆಫೀಸಿಗೆ ಶೇವಂತಿ ಬಂದಳು. ಚಿಮ್ಮಡ ದಾಟಿದ ಮೇಲೆ ಸಿಗುವ ಒಂದು ಹಳ್ಳಿಯವಳು. ಹಳ್ಳಿಯ ಹೆಸರು ಬರೆಯುವುದಿಲ್ಲ, ಅವಳಿನ್ನೂ ಅಲ್ಲೇ ಬಾಳಬೇಕು. ಕಬ್ಬಿನ ಹೊಲದಲ್ಲಿ ಕಸ ತೆಗೆಯುವ ಕೂಲಿ. ಮಗಳು ಅಲ್ಲಿನ ಸರ್ಕಾರಿ ಸಾಲಿಯಲ್ಲಿ. ಬಿಸಿಯೂಟದ ಜೊತೆ ಬೇಕೆಂದ ಮಕ್ಕಳಿಗೆ ಮೊಟ್ಟೆ, ಒಲ್ಲೆಂದವರಿಗೆ ಬಾಳೆಹಣ್ಣು, ಇದು ಸರ್ಕಾರದ ಆದೇಶ. ಆ ಸಾಲಿಯಲ್ಲಿ ಮಾತ್ರ ಎಲ್ಲರಿಗೂ ಬಾಳೆಹಣ್ಣು. ಶಾಲಾ ಸಮಿತಿ ಅಧ್ಯಕ್ಷ ಗಿರಿಮಲ್ಲಪ್ಪ, ಊರಿನ ದೊಡ್ಡ ಜಮೀನುದಾರ, ಸಾಲಿಯಲ್ಲಿ ಮೊಟ್ಟೆ ಬೇಯಬಾರದು ಎಂದಿದ್ದ. ಶೇವಂತಿ ಹೋಗಿ ಕೇಳಿದಳು. ಮರುದಿನ ಅವನ ಹೊಲದಲ್ಲಿ ಅವಳಿಗೆ ಕೆಲಸವಿರಲಿಲ್ಲ.

"ಗುರುವಾರ ಸಾಲ್ಯಾಗ ಸಭಾ ಐತ್ರಿ," ಎಂದಳು ಶೇವಂತಿ, ಕುರ್ಚಿ ಕೊಟ್ಟರೂ ಕೂರದೆ. "ನೀವು ಬರತೀರಂದ್ರ ನಾ ಎದ್ದು ಮಾತಾಡತೇನಿ. ಬರೂದಿಲ್ಲಂದ್ರ ಈಗ ಹೇಳ್ರಿ, ಹೋಗಿ ಗೌಡ್ರ ಕಾಲ ಹಿಡೀತೇನಿ. ನಡುವ ಮಾತ್ರ ಕೈ ಬಿಡಬ್ಯಾಡ್ರಿ."

"ಬರತೇವಿ," ಎಂದಳು ಇಂದ್ರವ್ವ.

ಹೀಗೆ ಒಬ್ಬಳೇ ಹೇಳುವಂತಿರಲಿಲ್ಲ. ವೇದಿಕೆಗೊಂದು ನಿಯಮವಿದೆ. ಯಾವ ಬೇಡಿಕೆಗೂ ಎಲ್ಲ ಧರ್ಮದವರ ಒಮ್ಮತ ಬೇಕು. ಒಬ್ಬರು ಬೇಡವೆಂದರೂ ವೇದಿಕೆ ಬಾಯಿ ಬಿಡಬಾರದು. ಕೇಳಲು ಎಷ್ಟು ಚೆಂದ! ನಾನು ಕೂಡ ಮದುವೆಗಳಲ್ಲಿ, ಊಟದ ಪಂಕ್ತಿಯಲ್ಲಿ, ಇದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದವನೇ. ಬುಧವಾರದ ಸಭೆಯಲ್ಲಿ ಗೋಡೆಗೆ ಒರಗಿ ಚಹಾ ಹಂಚುತ್ತ ಆ ಚೆಂದ ನೋಡಿದೆ.

"ಆ ಊರಿನ ಮಂದಿ ನಮ್ಮ ಮಾತು ಕೇಳ್ತಾರ, ಖರೆ," ಎಂದರು ಸ್ವಾಮಿಗಳು. "ಅದಕ್ಕ ಈ ಮಾತು ನಮ್ಮ ಬಾಯಿಂದ ಬರಬಾರದು."

"ನಾವು ಅಂಡಾ ಬೇಕಂದ್ರ ಇದು ಇವರದೇ ಕಾರಸ್ತಾನ ಅಂತಾರ್ರಿ," ಎಂದರು ಮೌಲಾನಾ. "ಈ ಒಂದು ವಿಷಯದಾಗ ನಮ್ಮನ್ನ ಬಿಟ್ಟಬಿಡ್ರಿ."

ಫಾದರ್ ಕರಾವಳಿಯವರು, ಮೆದು ಮಾತಿನವರು. "ಎಲ್ಲರಿಗೂ ಒಪ್ಪಿಗೆಯಾದರೆ ನನಗೂ ಒಪ್ಪಿಗೆಯೇ" ಎಂದು ಬಿಸ್ಕೀಟು ಅದ್ದಿದರು.

ರಘುವೀರ ಸರ್ ಕನ್ನಡಕ ತೆಗೆದು ಒರೆಸಿದರು. "ಸೌಹಾರ್ದ ಕೆಡಬಾರ್ದು, ಇಂದ್ರವ್ವಾ. ಮುಂದಿನ ಸಭಾಕ್ಕ ಇಡೂಣ."

"ಮುಂದಿನ ಸಭಾದ ತನಕ ಶೇವಂತಿ ಏನ ಉಣಬೇಕ್ರಿ? ನಿಮ್ಮ ಸೌಹಾರ್ದ ಉಣಬೇಕೇನ?" ಇಂದ್ರವ್ವ ಎದ್ದು ನಿಂತಿದ್ದಳು. ಕೆಳಗಿನ ಅಂಗಡಿಯಲ್ಲಿ ಸೀರೆ ಬಿಚ್ಚುವ ಸದ್ದು ನಿಂತಿತು. "ನೀರ ಬೇಕಂದ್ರ ಎಲ್ಲಾರೂ ಒಪ್ಪತೀರಿ, ರೋಡ ಬೇಕಂದ್ರೂ ಒಪ್ಪತೀರಿ. ಬೈಯೂದು ಸರಕಾರಕ್ಕ ಅಲ್ಲೇನ, ಸಲೀಸ ಐತಿ. ನಮ್ಮ ನಮ್ಮ ಮಂದಿಗೆ ನೀವು ಮಾಡಾಕತ್ತಿದ್ದು ತಪ್ಪ ಅನ್ನೂ ಹೊತ್ತ ಬಂತು, ಎಲ್ಲಾರ ಗಂಟಲಾ ಕಟ್ಟಿದ್ವು!"

"ದನಿ ಸಣ್ಣ ಮಾಡ್ರಿ," ಎಂದರು ಸರ್.

"ಸಣ್ಣದ ಮಾಡಾಕ ಬರೂದಿಲ್ರಿ ನನಗ. ಬರತಿದ್ರ ನೀವ್ ಯಾಕ ಕರಕೊಂಡ ಬರತಿದ್ರಿ?"

ರಘುವೀರ ಸರ್ ಕನ್ನಡಕ ಹಾಕಿಕೊಂಡರು. "ಹೋಗೂದಿದ್ರ ವೇದಿಕೆ ಹೆಸರು ಹೇಳೂಹಂಗಿಲ್ಲ. ಹೇಳಿದ್ರ ಮತ್ತ ಇಲ್ಲಿ ನಿಮಗ ಕೆಲಸ ಇರೂದು ಕಷ್ಟ ಆಗ್ತದ."

ಶೇವಂತಿಗೆ ಗಿರಿಮಲ್ಲಪ್ಪ ಕಾಯಿಯಂತೆ ಒಡೆದು ಹೇಳಿದ್ದನ್ನು ಇವರು ಬಾಳೆಹಣ್ಣಿನಂತೆ ಸುಲಿದು ಹೇಳಿದರು, ಅಷ್ಟೇ. ನನಗೆ ಮೈ ಉರಿಯಿತು. ಉರಿದ ಮೈಯಲ್ಲೇ ಎಲ್ಲರ ಕಪ್ಪು ಎತ್ತಿದೆ. ನನ್ನ ಕ್ರಾಂತಿ ಸಾಮಾನ್ಯವಾಗಿ ಅಲ್ಲಿಯ ತನಕ ಮಾತ್ರ ಹೋಗುತ್ತದೆ.

ಗುರುವಾರ ವೇದಿಕೆಯ ಮೋಟರ್ ಸೈಕಲ್ಲಿನ ಕೀಲಿ ಸಿಗಲಿಲ್ಲ. ಅಪ್ಪನ ಸ್ಕೂಟರ್ ತಂದೆ. ದಾರಿಯುದ್ದಕ್ಕೂ ಮಾವಶಿ ನನ್ನ ಕಿವಿಯ ಹಿಂದೆ ಬೈಯುತ್ತಲೇ ಇದ್ದಳು: ಸ್ವಾಮಿಗಳನ್ನು, ಮೌಲಾನಾರನ್ನು, ಫಾದರ್ ಅವರ ಬಿಸ್ಕೀಟನ್ನು, ತೆಗ್ಗು ತಪ್ಪಿಸಲು ಬಾರದ ನನ್ನನ್ನು.

ಸಾಲಿಯ ಒಳಗೆ ಬೆಂಚುಗಳ ಮೇಲೆ ಸಮಿತಿಯವರು ಕೂತಿದ್ದರು. ತಾಯಂದಿರು ಹೊರಗೆ, ಕಿಟಕಿಯ ಬಳಿ ನಿಂತಿದ್ದರು. ಶೇವಂತಿ ಅವರಿಂದಲೂ ಸ್ವಲ್ಪ ದೂರ ನಿಂತಿದ್ದಳು.

"ಯಾವ ಸಂಘದಿಂದ ಬಂದೀರಿ?" ಗಿರಿಮಲ್ಲಪ್ಪ ಕೇಳಿದ.

"ಯಾವ ಸಂಘದ್ದೂ ಅಲ್ಲ. ಇಂದ್ರವ್ವ ಅಂತ ನನ್ನ ಹೆಸರು. ಶೇವಂತಿ ಕರದಾಳ, ಬಂದೇನಿ." ಆಕೆ ಮುಖ್ಯ ಶಿಕ್ಷಕಿಯ ಕಡೆ ತಿರುಗಿದಳು. "ಅಕ್ಕೋರ, ಆದೇಶ ಏನೈತ್ರಿ?"

ಮುಖ್ಯ ಶಿಕ್ಷಕಿ ನಂದಾ ಗಿರಿಮಲ್ಲಪ್ಪನ ಮುಖ ನೋಡಿ, ನೆಲ ನೋಡಿ, "ಬೇಕನ್ನೋ ಮಕ್ಕಳಿಗೆ ತತ್ತಿ ಕೊಡಬೇಕ್ರಿ" ಎಂದರು.

"ಮತ್ತ ಯಾಕ ಕೊಡವಲ್ರಿ?"

"ಊರಿನ ಒಮ್ಮತ ಐತಿ," ಎಂದ ಗಿರಿಮಲ್ಲಪ್ಪ. "ಇಲ್ಲಿ ಕುಂತವ್ರನ್ನ ಕೇಳು. ಒಬ್ಬರರೆ ತತ್ತಿ ಬೇಕಂತಾರೇನ?"

ಆ ಮಾತು ಕೇಳಿದ್ದೇ ಇಂದ್ರವ್ವನ ಮುಖ ಕೆಂಪಾಯಿತು. "ಒಳಗ ನಿಮ್ಮವ್ರನ್ನಷ್ಟ ಕುಂಡ್ರಿಸಿ, ಬಾಕಿ ಮಂದಿನ್ನ ಹೊರಗ ನಿಲ್ಲಿಸಿದ್ರ ಎಲ್ಲಾ ಕಡೆ ಒಮ್ಮತ ಆಗತೈತ್ರಿ! ನಿನ್ನೆನೂ ಒಂದ ಒಮ್ಮತ ನೋಡಿ ಬಂದೇನಿ!" ಕಿಟಕಿಗೆ ಹೋಗಿ ಕೂಗಿದಳು: "ಯಾರ ಮಕ್ಕಳಿಗೆ ತತ್ತಿ ಬೇಕ್ರವ್ವಾ? ಒಳಗ ಬರ್ರಿ!"

ಶೇವಂತಿ ಬಂದಳು. ಮತ್ತೆ ಯಾರೂ ಅಲುಗಲಿಲ್ಲ. ಬಹಳ ಜನಕ್ಕೆ ಗಿರಿಮಲ್ಲಪ್ಪನ ಹೊಲದಲ್ಲೇ ಕೂಲಿ.

"ಎಲ್ಲಾರೂ ಬಾಯಾಗ ಕಡಬು ಇಟ್ಕೊಂಡೀರೇನ?" ಇಂದ್ರವ್ವ ಅವರ ಮೇಲೂ ಹರಿಹಾಯ್ದಳು. ಆಗ ಸೆರಗು ಸರಿಪಡಿಸಿಕೊಳ್ಳುತ್ತ ಒಬ್ಬಳು ಬಾಗಿಲಿಗೆ ಬಂದಳು. ಹೆಸರು ಸೋಮವ್ವ, ಗಿರಿಮಲ್ಲಪ್ಪನ ಓಣಿಯವಳೇ, ಅವನ ಬೀಗರ ಪೈಕಿ.

"ಮಾಮಾ, ನಮ್ಮ ಹುಡುಗ ತತ್ತಿ ಮುಟ್ಟೂದಿಲ್ಲ, ಅಂವಗ ಬಾಳಿಹಣ್ಣ ಸಾಕ್ರಿ," ಎಂದಳು. "ಆದ್ರ ಶೇವಂತಿ ಮಗಳು ತಿಂದ್ರ ನಮ್ಮ ಹುಡುಗನ ಹೊಟ್ಟಿ ಯಾಕ ನೂಯತೈತ್ರಿ?"

ಹೊರಗೆ ಯಾರೋ ಕಿಸಕ್ಕನೆ ನಕ್ಕರು. ಆ ನಗೆಯ ಹಿಂದೆಯೇ "ನಮ್ಮ ಹುಡುಗಿಗೂ ಬೇಕ್ರಿ" ಎಂದು ಒಂದು ದನಿ, ಅದರ ಹಿಂದೆ ಇನ್ನೊಂದು. ಬಾಗಿಲು ತುಂಬಿತು. ನಂದಾ ಅಕ್ಕೋರು ಎದ್ದು ನಿಂತರು. ಈ ಸಲ ಯಾರ ಮುಖವನ್ನೂ ನೋಡಲಿಲ್ಲ. "ಸೋಮವಾರದಿಂದ ಬೇಕಂದವ್ರಿಗೆ ತತ್ತಿ ಬೇಯಸ್ತೇವ್ರಿ."

"ಶೇವಂತಿ ಕೆಲಸ?" ಎಂದಳು ಇಂದ್ರವ್ವ.

"ಅದು ನನ್ನ ಹೊಲ," ಎಂದ ಗಿರಿಮಲ್ಲಪ್ಪ. ಶೇವಂತಿ ತಲೆ ತಗ್ಗಿಸಲಿಲ್ಲ. "ಬನಹಟ್ಟ್ಯಾಗ ಕಂಡಕಿ ಸುತ್ತಾಕ ಹೋಗತೇನ್ರಿ. ಇಂದ್ರಕ್ಕ ಮಾತಾಡ್ಯಾಳ" ಎಂದಳು. ಅದು ನನಗೇ ಗೊತ್ತಿರಲಿಲ್ಲ.

ಗಿರಿಮಲ್ಲಪ್ಪ ಹೆಗಲ ಮೇಲಿನ ಟಾವೆಲ್ ಝಾಡಿಸಿ ಎದ್ದ. ಎಲ್ಲರಿಗೂ ಕೇಳುವಂತೆ, ಇಂದ್ರವ್ವನ ಕೊರಳಿನ ಲಿಂಗದ ಕಡೆ ಬೆರಳು ತೋರಿಸಿ ಕೇಳಿದ: "ನೀನೂ ಲಿಂಗ ಕಟ್ಟಿದಾಕಿ. ಇಷ್ಟ ಹಾರ್ಯಾಡತೀಯಲ್ಲ, ಖರೆ ಹೇಳು. ನೀ ತಿಂತೀಯೇನ ತತ್ತಿ?"

ಬಾಗಿಲಲ್ಲಿದ್ದ ಹೆಂಗಸರೆಲ್ಲ ಅವಳನ್ನೇ ನೋಡಿದರು.

"ಇಲ್ಲ," ಎಂದಳು ಇಂದ್ರವ್ವ. "ವಾಸನಿಗೇ ನನಗ ವಾಂತಿ ಬರತೈತಿ. ಆದ್ರ ಈ ಸಾಲ್ಯಾಗ ಉಣ್ಣಾಕಿ ನಾನಲ್ಲ."