ಗೊತ್ತಿಲ್ಲ ಎನ್ನುವ ಗುಂಡಿ

ಕುಂಬಾರಕೊಪ್ಪಲಿನ ಹವಾಲ್ದಾರ್ ಇಗ್ನೇಷಿಯಸ್ ಅವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವರ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸೈನ್ಯದಿಂದ ಅವರು ನಿವೃತ್ತರಾಗಿ ಹದಿನೆಂಟು ವರ್ಷವಾಯಿತು, ಸಿಟ್ಟು ಮಾತ್ರ ಇನ್ನೂ ಡ್ಯೂಟಿಯಲ್ಲಿದೆ. ನಲ್ಲಿ ನೀರು ತಡವಾಗಿ ಬಂದರೂ ಸಿಟ್ಟು, ಬೇಗ ಬಂದು ನಿಂತುಹೋದರೂ ಸಿಟ್ಟು. ಚರ್ಚಿನ ಮೈಕು ಕೀರಲು ದನಿ ತೆಗೆದರೆ ಬಲಿಪೂಜೆಯ ನಡುವೆಯೇ ಎದ್ದುಹೋಗಿ ಸರಿಮಾಡಿ ಬರುತ್ತಾರೆ. ಹೆಂಡತಿ ಪುಷ್ಪಮೇರಿ ಇದಕ್ಕೆಲ್ಲ ಸೊಪ್ಪು ಹಾಕುವವರಲ್ಲ. "ಬೈತಾ ಇದ್ರೆ ಚೆನ್ನಾಗಿದಾರೆ ಅಂತ ಅರ್ಥ ಕಣಮ್ಮ. ಸುಮ್ನಾಗ್ಬುಟ್ರೆ ನಂಗೆ ಭಯ," ಎಂದು ಪಕ್ಕದ ಮನೆಯವರಿಗೆ ಹೇಳುತ್ತಾರೆ.

ಈ ವರ್ಷ ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಕಳೆದು ಎರಡು ದಿನಕ್ಕೆ ಅವರು ಸುಮ್ಮನಾದರು. ಅದು ಹೇಗಾಯಿತೆಂದು ತಿಳಿಯಬೇಕಾದರೆ ಅವರ ಇಪ್ಪತ್ತಾರನೆಯ ವಯಸ್ಸಿನ ಒಂದು ಬೆಳಗಿಗೆ ಹೋಗಬೇಕು.

ಗಡಿಯ ಚೌಕಿ, ದಟ್ಟ ಮಂಜು. ಎದುರಿನ ಇಳಿಜಾರಿನಲ್ಲಿ ಒಬ್ಬ ಬರುತ್ತಿದ್ದ, ಹೆಗಲ ಮೇಲೆ ಉದ್ದನೆಯದೇನೋ ಇತ್ತು. ಕಂಡರೆ ಗುಂಡು ಹಾರಿಸಿ ಎಂದು ಹುಕುಂ ಆಗಿತ್ತು. ಇಗ್ನೇಷಿಯಸ್ ಮೂರು ಸಲ ಕೂಗಿದರು, ಉತ್ತರ ಬರಲಿಲ್ಲ. ಬೆರಳು ಟ್ರಿಗರ್ ಮೇಲಿತ್ತು. ಆದರೂ ಒತ್ತಲಿಲ್ಲ. ಆಕೃತಿ ಹತ್ತಿರ ಬಂದಾಗ ನೋಡಿದರೆ ಹೆಗಲ ಮೇಲಿದ್ದದ್ದು ನೇಗಿಲು, ಹೊತ್ತವನು ಕಿವಿ ಕೇಳದ ಮುದುಕ. ಸುಬೇದಾರ್ ಸಾಹೇಬರು ಕೆಂಡವಾದರು. ಅದು ಬಂದೂಕಲ್ಲ ಅಂತ ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು. "ಗೊತ್ತಾಗಲಿಲ್ಲ ಸಾಬ್. ಅದಕ್ಕೇ ಹೊಡೀಲಿಲ್ಲ," ಎಂದರು ಇಗ್ನೇಷಿಯಸ್. ಹುಕುಂ ಮೀರಿದ್ದಕ್ಕೆ ಒಂದು ವಾರ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವ ಶಿಕ್ಷೆಯಾಯಿತು. ಪದಕಗಳ ಪೆಟ್ಟಿಗೆಯನ್ನು ಯಾರಿಗೂ ತೋರಿಸದ ಮನುಷ್ಯ ಈ ಈರುಳ್ಳಿಯ ಕಥೆಯನ್ನು ಮಾತ್ರ ಬಂದವರಿಗೆಲ್ಲ ಹೇಳುತ್ತಾರೆ.

ಎರಡು ವರ್ಷದ ಹಿಂದೆ ಶ್ರೀರಾಂಪುರದ ಹೊಸ ಬಡಾವಣೆಯೊಂದರಲ್ಲಿ ಚಿಕ್ಕ ಕಂಪನಿಯೊಂದು ಮಾಜಿ ಸೈನಿಕರು ಬೇಕೆಂದು ಕರೆಯಿತು. ಕೆಲಸ ಸುಲಭ. ಕಂಪ್ಯೂಟರ್ ಪರದೆಯ ಮೇಲೆ ಎತ್ತರದಿಂದ ತೆಗೆದ ಚಿತ್ರಗಳು ಬರುತ್ತವೆ. ಚಿತ್ರದಲ್ಲಿರುವವರ ಕೈಯಲ್ಲಿ ಆಯುಧವಿದ್ದರೆ ಕೆಂಪು ಗುಂಡಿ, ಇಲ್ಲದಿದ್ದರೆ ಹಸಿರು ಗುಂಡಿ, ಹೇಳಲಾಗದಿದ್ದರೆ 'ಗೊತ್ತಿಲ್ಲ' ಎನ್ನುವ ಹಳದಿ ಗುಂಡಿ ಒತ್ತಬೇಕು. ಹೀಗೆ ಗುರುತಿಸಿದ ಚಿತ್ರಗಳನ್ನು ನೋಡಿ ನೋಡಿ ಯಂತ್ರ ಕಲಿಯುತ್ತದೆ. ಕಾಡಿನಲ್ಲಿ ಕಳ್ಳಬೇಟೆ ತಡೆಯುವ ಕ್ಯಾಮೆರಾಗಳಿಗೆ ಇದು ಎಂದಿದ್ದರು. ಇಗ್ನೇಷಿಯಸ್ ಅವರ ನಂಬರು ಹದಿನೇಳು. ಹಳದಿ ಗುಂಡಿಯನ್ನು ಅವರಷ್ಟು ಒತ್ತಿದವರು ಆ ಕಚೇರಿಯಲ್ಲಿ ಇನ್ನೊಬ್ಬರಿರಲಿಲ್ಲ.

ಜನವರಿಯಲ್ಲಿ ಒಂದು ಸೋಮವಾರ ಹಳದಿ ಗುಂಡಿ ಮಾಯವಾಯಿತು. ಹೊಸ ಗಿರಾಕಿ ಬಂದಿದ್ದ. ಅವನು ಮಾಡುವುದು ಕಾಡಿನ ಕ್ಯಾಮೆರಾ ಅಲ್ಲ, ಯುದ್ಧದ ಡ್ರೋನು. ಅವನಿಗೆ ಅನುಮಾನ ಬೇಡವಂತೆ. ಅನುಮಾನ ಬಂದರೆ ಕೆಂಪು ಒತ್ತಿ. ಬಂದೂಕನ್ನು ಗುರುತಿಸದೆ ಬಿಟ್ಟರೆ ತಪ್ಪು, ಕೋಲನ್ನು ಬಂದೂಕು ಎಂದರೆ ತಪ್ಪಲ್ಲ. ಇದು ಹೊಸ ನಿಯಮ. ಈ ಲೋಕದಲ್ಲಿ 'ಗೊತ್ತಿಲ್ಲ' ಎನ್ನುವುದಕ್ಕೆ ಎಷ್ಟು ಎದೆಗಾರಿಕೆ ಬೇಕೆಂದು ಏಸಿ ಕೋಣೆಯಲ್ಲಿ ಕೂತು ನಿಯಮ ಬರೆಯುವ ಮಹಾಶಯರಿಗೆ ಏನು ಗೊತ್ತು. ಇಗ್ನೇಷಿಯಸ್ ನೇರ ಮ್ಯಾನೇಜರ್ ವಿಶ್ರುತನ ಕೋಣೆಗೆ ನುಗ್ಗಿದರು.

ವಿಶ್ರುತ್ ಕೆಟ್ಟವನಲ್ಲ. ಅಜ್ಜ ಅರಮನೆಯಲ್ಲಿ ವಿದ್ವಾಂಸರಾಗಿದ್ದವರು, ಅಪ್ಪ ಪ್ರೊಫೆಸರ್. ದೊಡ್ಡವರು ಬಂದರೆ ಎದ್ದು ನಿಲ್ಲುವ ಹುಡುಗ. ಅವತ್ತೂ ಎದ್ದು ನಿಂತ.

"ಸರ್, ಕೂತ್ಕೊಳ್ಳಿ. ಮನುಷ್ಯ ಹೆದರ್ತಾನೆ, ನಿದ್ದೆಗೆಡ್ತಾನೆ, ಸಿಟ್ಟಲ್ಲಿ ಹೊಡೀತಾನೆ. ಯಂತ್ರಕ್ಕೆ ಅದ್ಯಾವ್ದೂ ಇಲ್ಲ. ನಮ್ಮ ಸೋದರಮಾವನ ಮಗ ಗಡೀಲಿ ಹೋದ. ಇಪ್ಪತ್ನಾಲ್ಕು ವರ್ಷದ ಹುಡುಗ. ಅವನ ಜಾಗದಲ್ಲಿ ಯಂತ್ರ ಇದ್ದಿದ್ರೆ ಅತ್ತೆ ಇವತ್ತು ಹಂಗೆ ಮಂಕಾಗಿ ಕೂತಿರ್ತಿರಲಿಲ್ಲ."

ಜೊತೆಗಾರರ ಹೆಣಕ್ಕೆ ಇಗ್ನೇಷಿಯಸ್ ಅವರೂ ಹೆಗಲು ಕೊಟ್ಟಿದ್ದರು. "ಕೊನೇಲಿ ಒಬ್ಬ ಮನುಷ್ಯ ನೋಡ್ತಾನಾ? ಹೊಡೀಬೇಕೋ ಬೇಡ್ವೋ ಅಂತ ಅವನು ಹೇಳ್ತಾನಾ?" ಎಂದು ಕೇಳಿದರು.

"ನೋಡ್ತಾನೆ ಸರ್. ಖಂಡಿತ."

ಆ ಒಂದು ಮಾತನ್ನು ನಂಬಿ ಅವರು ಕೆಲಸಕ್ಕೆ ಕೂತರು. ಕೊನೆಯಲ್ಲಿ ಯಾರೋ ಒಬ್ಬ ನೋಡುತ್ತಾನಲ್ಲ ಎಂದುಕೊಂಡು ಅನುಮಾನ ಬಂದಲ್ಲೆಲ್ಲ ಕೆಂಪು ಒತ್ತಿದರು. ಕೊಡೆಯೋ ಕೋವಿಯೋ, ಕೆಂಪು. ಕಬ್ಬಿನ ಜಲ್ಲೆಯೋ ನಳಿಕೆಯೋ, ಕೆಂಪು. ಎರಡೂವರೆ ತಿಂಗಳಲ್ಲಿ ಹನ್ನೊಂದು ಸಾವಿರ ಚಿತ್ರಗಳು ಅವರ ಕೈಯಿಂದ ದಾಟಿದವು.

ಮಾರ್ಚ್ ಹೊತ್ತಿಗೆ ಪುಷ್ಪಮೇರಿ ಚರ್ಚಿನ ಮಹಿಳಾ ಸಂಘದಿಂದ ಒಂದು ಮನವಿಯ ಹಾಳೆ ತಂದರು. ಮನುಷ್ಯನನ್ನು ಕೇಳದೆ ತಾನಾಗಿಯೇ ಕೊಲ್ಲುವ ಯಂತ್ರಗಳನ್ನು ಎಲ್ಲ ದೇಶಗಳೂ ನಿಷೇಧಿಸಬೇಕು, ನಮ್ಮ ಸರ್ಕಾರವೂ ಒಪ್ಪಬೇಕು ಎಂದು ಅದರಲ್ಲಿತ್ತು. ಕೆಳಗೆ ಹೆಸರು, ವಿಳಾಸ, ಉದ್ಯೋಗ, ಸಹಿ. ಗಂಡನ ಸಾಲನ್ನು ತಾವೇ ತುಂಬಿ, ಉದ್ಯೋಗದ ಕಡೆ 'ನಿವೃತ್ತ ಹವಾಲ್ದಾರ್' ಎಂದು ಬರೆದು, ಸಹಿ ಹಾಕಿ ಎಂದರು.

"ಮೊಂಬತ್ತಿ ಹಚ್ಚೋರ ಸಂಘ ಯುದ್ಧ ನಿಲ್ಲಿಸುತ್ತಾ ಮೇರಿ? ಕೊನೇಲಿ ಮನುಷ್ಯ ಇದ್ದೇ ಇರ್ತಾನೆ. ನಿಮಗೇನು ಗೊತ್ತು?" ಎಂದು ಇಗ್ನೇಷಿಯಸ್ ಹಾಳೆಯನ್ನು ತಳ್ಳಿದರು. ಪುಷ್ಪಮೇರಿ ಅದನ್ನು ಮಡಚಿ, ಯೇಸುವಿನ ಪಟದ ಹಿಂದೆ, ಹೋದ ವರ್ಷದ ಒಣಗಿದ ಗರಿಯ ಪಕ್ಕದಲ್ಲಿ ಸಿಕ್ಕಿಸಿಟ್ಟರು.

ಗರಿಗಳ ಭಾನುವಾರ ಬಂತು. ಮಂಡಿನೋವಿನಿಂದ ಇಗ್ನೇಷಿಯಸ್ ಮೆರವಣಿಗೆಯಲ್ಲಿ ನಡೆಯುವುದಿಲ್ಲ. ದಾರಿಯ ಬದಿಯ ಮಹಡಿಯೊಂದರ ಮೇಲೆ ನಿಂತು ಫೋನಿನಲ್ಲಿ ವಿಡಿಯೋ ತೆಗೆದರು. ಮುಂದೆ ಫಾದರ್, ಹಿಂದೆ ಮುದುಕರು, ಮಕ್ಕಳು, ನೂರಾರು ಜನ. ಎಲ್ಲರ ಕೈಯಲ್ಲೂ ಉದ್ದುದ್ದನೆಯ ತೆಂಗಿನ ಗರಿಗಳು. ಪುಷ್ಪಮೇರಿ ಕೈಸೋತು ಗರಿಯನ್ನು ಹೆಗಲಿಗೆ ಒರಗಿಸಿಕೊಂಡು ನಡೆಯುತ್ತಿದ್ದರು.

ಮಂಗಳವಾರ ಕಚೇರಿಯಲ್ಲಿ ಸಂಭ್ರಮ. ಯಂತ್ರ ತಯಾರಾಗಿತ್ತು, ಗೋಡೆಯ ದೊಡ್ಡ ಪರದೆಯ ಮೇಲೆ ಅದರ ಪ್ರದರ್ಶನ. ಯಾರ ಬಳಿಯಾದರೂ ಹೊಸ ವಿಡಿಯೋ ಇದ್ದರೆ ಕೊಡಿ, ಯಂತ್ರ ಎಷ್ಟು ಜಾಣ ಅಂತ ನೋಡೋಣ ಎಂದ ವಿಶ್ರುತ್. ಇಗ್ನೇಷಿಯಸ್ ಫೋನು ಕೊಟ್ಟರು. ನಮ್ಮ ಚರ್ಚಿನವರನ್ನು ಎಲ್ಲರೂ ನೋಡಲಿ ಎಂಬ ಹೆಮ್ಮೆ ಬಿಟ್ಟರೆ ಅವರ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ.

ಮೆರವಣಿಗೆ ಪರದೆಯ ಮೇಲೆ ಬಂತು. ಒಬ್ಬೊಬ್ಬರ ಸುತ್ತ ಒಂದೊಂದು ಚೌಕ ಬೀಳತೊಡಗಿತು. ಹಸಿರು, ಹಸಿರು, ಆಮೇಲೆ ಕೆಂಪು. ಗರಿಯನ್ನು ಹೆಗಲಿಗೆ ಒರಗಿಸಿಕೊಂಡವರಿಗೆಲ್ಲ ಕೆಂಪು. ಇಪ್ಪತ್ತಮೂರು ಜನ. ಇಪ್ಪತ್ತಮೂರನೆಯವರು ಪುಷ್ಪಮೇರಿ. ನೀಲಿ ಸೀರೆ, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದರು.

ಕೋಣೆಯಲ್ಲಿ ಯಾರೋ ನಕ್ಕರು.

"ಯಾಕೆ?" ಎಂದರು ಇಗ್ನೇಷಿಯಸ್. "ಅವಳ ಕೈಲಿರೋದು ಬಂದೂಕು ಅಂತ ಯಾಕೆ ಅನ್ಕೊಳ್ತು ಅದು?"

ಯಾವ ಚಿತ್ರಗಳನ್ನು ನೋಡಿ ಹಾಗೆ ಕಲಿಯಿತೆಂದು ಯಂತ್ರವೇ ತೋರಿಸುತ್ತದೆ. ವಿಶ್ರುತ್ ಒಂದು ಕೀಲಿ ಒತ್ತಿದ. ಮೂರು ಚಿತ್ರ ಬಂದವು. ಹೆಗಲ ಮೇಲೆ ಕಬ್ಬು ಹೊತ್ತ ಹುಡುಗಿ, ಮಡಚಿದ ಕೊಡೆ ಹಿಡಿದವನು, ಮಂಜಿನಲ್ಲಿ ಉದ್ದನೆಯದೇನೋ ಹೊತ್ತು ಬರುವ ಒಬ್ಬ. ಮೂರಕ್ಕೂ ಕೆಂಪು. ಪ್ರತಿ ಚಿತ್ರದ ಕೆಳಗೂ ಅದನ್ನು ಗುರುತಿಸಿದವರ ನಂಬರಿತ್ತು. ಹದಿನೇಳು, ಹದಿನೇಳು, ಹದಿನೇಳು.

"ಕೊನೇಲಿ ಮನುಷ್ಯ ನೋಡ್ತಾನೆ ಅಂದ್ರಲ್ಲ ವಿಶ್ರುತ್."

ವಿಶ್ರುತ್ ತಲೆ ತಗ್ಗಿಸಿದ. "ಆಗ ಹಾಗೇ ಇತ್ತು ಸರ್. ಮನುಷ್ಯ ನೋಡೋಷ್ಟರಲ್ಲಿ ತಡ ಆಗುತ್ತೆ ಅಂತ ಹೋದ ತಿಂಗಳು ಅದನ್ನ ತೆಗೆದ್ಬುಟ್ರು. ಕೆಂಪು ಬಿದ್ರೆ ಅದೇ ಹೊಡೆಯುತ್ತೆ."

"ತಪ್ಪಾದ್ರೆ ಯಾರನ್ನ ಹಿಡೀತೀರಿ? ಯಂತ್ರಕ್ಕೆ ಈರುಳ್ಳಿ ಹೆಚ್ಚೋ ಶಿಕ್ಷೆ ಕೊಡ್ತೀರಾ?"

ವಿಶ್ರುತ್ ಪರದೆ ಆರಿಸಿದ.

"ನನ್ನ ಹನ್ನೊಂದು ಸಾವಿರ ಚಿತ್ರ ಅಳಿಸ್ಬುಡಿ."

"ಚಿತ್ರ ಅಳಿಸಬಹುದು ಸರ್. ಆದರೆ ಯಂತ್ರ ಈಗಾಗಲೇ ಗಿರಾಕಿಗೆ ಹೋಗಿದೆ. ಕಲಿತದ್ದನ್ನ ಅಲ್ಲಿಂದ ತೆಗೆಯೋದು ನಮ್ಮ ಕೈಲಿಲ್ಲ."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಹಿರಿಯರು ಹೇಳಿದ್ದು ಮನುಷ್ಯರಿಗೆ. ಸಿಟ್ಟು ಬಂದವನು ಆಮೇಲೆ ಒಂದು ದಿನ ಶಾಂತನಾಗಿ, ಕೊಯ್ದ ಮೂಗಿಗಾಗಿ ಅಳುವುದಾದರೂ ಅಳುತ್ತಾನೆ. ಈ ಕಬ್ಬಿಣದ ಹದ್ದಿಗೆ ಸಿಟ್ಟೂ ಇಲ್ಲ, ಸಮಾಧಾನವೂ ಇಲ್ಲ. ಅದನ್ನು ಹಾರಿಬಿಡುವವರಿಗೆ ನಾಚಿಕೆಯೂ ಇಲ್ಲ. ಇಗ್ನೇಷಿಯಸ್ ಬೈಯುತ್ತಾರೆಂದು ಎಲ್ಲರೂ ಕಾದರು. ಅವರು ಕೊರಳಿನ ಗುರುತುಚೀಟಿ ತೆಗೆದು ಮೇಜಿನ ಮೇಲಿಟ್ಟು ಹೊರಟುಬಂದರು.

ಮನೆಗೆ ಬಂದವರು ಕಾಫಿ ಬೇಡವೆಂದರು. ಗೇಟಿನ ಮುಂದೆ ಯಾರದೋ ಸ್ಕೂಟರು ಅಡ್ಡ ನಿಂತಿತ್ತು, ಅದಕ್ಕೂ ಬೈಯಲಿಲ್ಲ. ಪುಷ್ಪಮೇರಿ ಒಲೆ ಆರಿಸಿ ಹೊರಗೆ ಬಂದರು.

"ಯಾಕ್ರೀ ಹಿಂಗಿದೀರಾ? ಏನಾಯ್ತು?"

"ನಿನ್ನ ಕೊಲ್ಲಬೇಕು ಅಂತ ಯಂತ್ರ ಗುರುತು ಹಾಕ್ತು ಮೇರಿ. ಗರಿ ಹಿಡ್ಕೊಂಡಿದ್ದಕ್ಕೆ."

"ಅದಕ್ಕೆ ಯಾರ್ರೀ ಹಂಗೆ ಹೇಳ್ಕೊಟ್ಟೋರು?"

ಇಗ್ನೇಷಿಯಸ್ ಎದ್ದು ಪಟದ ಹಿಂದಿನಿಂದ ಆ ಹಾಳೆ ತೆಗೆದರು. ಕನ್ನಡಕ ಹಾಕಿಕೊಂಡು ತಮ್ಮ ಹೆಸರಿನ ಸಾಲು ಹುಡುಕಿದರು. ಹೆಂಡತಿ ದುಂಡಗೆ ಬರೆದಿದ್ದ 'ನಿವೃತ್ತ ಹವಾಲ್ದಾರ್' ಎಂಬುದನ್ನು ಹಾಳೆ ಹರಿಯುವಷ್ಟು ಒತ್ತಿ ಹೊಡೆದುಹಾಕಿದರು. ಅದರ ಮೇಲೆ, ಉದ್ಯೋಗದ ಜಾಗದಲ್ಲಿ, 'ಅವಕ್ಕೆ ಕಲಿಸಿದವನು' ಎಂದು ಬರೆದು ಸಹಿ ಹಾಕಿದರು.